ಬಹುಮತದ ನೆಲೆ: ಸಭಾನಿರ್ಣಯಗಳ ರೇಖಾಗಣಿತದ ಚರಿತ್ರೆ

೧

ಕ್ರಿ. ಶ. ೧೦೫ನೆಯ ವರ್ಷದಲ್ಲಿ ರೋಮ್ ನಗರದ ಕಾನ್ಸಲ್ ಪದವಿಯಲ್ಲಿದ್ದ ಆಫ್ರೇನಿಯಸ್ ಡೆಕ್ಸ್‌ಟರ್ ಎಂಬಾತನು ಸತ್ತುಬಿದ್ದುದು ಕಂಡುಬಂದಿತು. ಆತನು ತನ್ನ ಕೈಯಿಂದಲೇ ಸತ್ತನೋ, ಸೇವಕರು ದ್ರೋಹದಿಂದ ಕೊಂದರೋ, ಇಲ್ಲವೆ ಒಡೆಯನ ಆಜ್ಞೆಯನ್ನು ನಡೆಸುವುದಕ್ಕಾಗಿಯೇ ಕೊಂದರೋ ಎಂಬುದು ನಿಶ್ಚಯವಾಗಲಿಲ್ಲ. ದಾಸ್ಯದಿಂದ ಬಿಡುಗಡೆ ಹೊಂದಿ ಆತನ ಆಶ್ರಯದಲ್ಲಿಯೇ ಉಳಿದಿದ್ದ ಆಳುಗಳ ಗತಿಯೇನೆಂಬ ಪ್ರಶ್ನೆಯು ಸೆನೆಟ್ ಸಭೆಯ ಮುಂದೆ ಬಂದಿತು. ಸಭಾಸದರಲ್ಲಿ ಮೂರು ಪಕ್ಷಗಳಾದುವು. ಇವರನ್ನು ನಿರ್ದೋಷಿಗಳೆಂದು ಬಿಟ್ಟುಬಿಡತಕ್ಕದ್ದೆಂದು ಒಂದು ಪಕ್ಷ. ದೂರದ ದ್ವೀಪಕ್ಕೆ ಗಡಿಪಾರು ಮಾಡತಕ್ಕದ್ದೆಂದು ಇನ್ನೊಂದು. ಮರಣದಂಡನೆಯೇ ತಕ್ಕುದೆಂದು ಮತ್ತೊಂದು. ಬಿಡುಗಡೆಯ ಪಕ್ಷಕ್ಕೆ ಮುಂದಾಳಾಗಿದ್ದವನು ಪತ್ರಲೇಖನದಲ್ಲಿ ಪ್ರಸಿದ್ಧನಾದ ಕಿರಿಯ ಪ್ಲಿನಿ. ಈ ವಿಚಾರವೆಲ್ಲವೂ ಆತನು ತನ್ನ ಮಿತ್ರನಾದ ನ್ಯಾಯಪಂಡಿತ ಅರಿಸ್ಟೋ ಎಂಬುವನಿಗೆ ಬರೆದ ಕಾಗದದಿಂದ ತಿಳಿದುಬಂದಿರುವುದು.

ರೋಮನರ ಪದ್ಧತಿಯಲ್ಲಿ ಸಭಾಸದರು ತಮಗೊಪ್ಪಿದ ಸೂಚನೆಯನ್ನು ತಂದವನ ಬಳಿಗೆ ನಡೆದುಹೋಗಿ ನಿಂತು ಮತವನ್ನು ತಿಳಿಸುತ್ತಿದ್ದರು. ಕೊಲ್ಲಬೇಕೆನ್ನುವವರೂ ಗಡಿಪಾರು ಮಾಡಬೇಕೆನ್ನುವವರೂ ಒಂದೇ ಕಡೆ ನಿಲ್ಲಕೂಡದೆಂದೂ, ಮೂರು ಪಕ್ಷಗಳೂ ಬೇರೆಬೇರೆ ನಿಂತು ಎಣಿಕೆಯಾಗಬೇಕೆಂದೂ ಪ್ಲಿನಿಯು ಹಟಹಿಡಿದನು. ಮೂರನ್ನೂ ಪ್ರತ್ಯೇಕವಾಗಿ ಎಣಿಸಿದರೆ ತನ್ನ ಪಕ್ಷವೇ ಉಳಿದ ಒಂದೊಂದಕ್ಕಿಂತಲೂ ದೊಡ್ಡದಾಗುವುದೆಂದು ಆತನ ಎಣಿಕೆಯಾಗಿದ್ದಿತು. ವಾದದಲ್ಲಿ ಆತನೇ ಗೆದ್ದನು. ಆದರೆ ಆ ಗೆಲುವು ಪ್ರಯೋಜನಕ್ಕೆ ಬರಲಿಲ್ಲ. ಮರಣದಂಡನೆಯ ಸೂಚನೆಯನ್ನು ತಂದಿದ್ದವನು, ತನ್ನ ಸೂಚನೆ ಹೇಗೂ ಸೋಲುವುದು, ಸೋತರೆ ಆಳುಗಳು ಶಿಕ್ಷೆಯಿಲ್ಲದೆ ಹೋಗುವರು ಎಂದು ಕಂಡು, ಅದನ್ನು ಕೈಬಿಟ್ಟು ಗಡಿಪಾರಿನ ಪಕ್ಷಕ್ಕೆ ಸೇರಿಕೊಂಡನು. ಅವನ ಹಿಂದಿನವರು ಅವನನ್ನು ಹಿಂಬಾಲಿಸಿದರು. ಎರಡನ್ನೂ ಗೆಲ್ಲಲಾರದ ಪಕ್ಷವು ಯಾವುದರಿಂದ ಸೋಲಬೇಕೆಂಬುದನ್ನು ತಾನೇ ಆರಿಸಿಕೊಂಡಿತೆಂಬ ಅರ್ಥದ ಮಾತಿನಿಂದ ಪ್ಲಿನಿಯು ಕಾಗದವನ್ನು ಮುಗಿಸಿರುವನು.

ಈ ಪ್ರಸಂಗವು ಸಭೆಗಳ ಚರಿತ್ರೆಯಲ್ಲಿ ಬಹು ಪ್ರಾಚೀನವಾದ ಪಾಠವೆಂದು ವಿದ್ವಾಂಸರು ಎಣಿಸುವರು. ಮೂರು ಅಭಿಪ್ರಾಯಗಳನ್ನೂ ಒಂದು ಗೆರೆಯ ಮೇಲೆ ಬರೆದು ನೋಡಿದರೆ ಇದರ ಮರ್ಮವು ಹೊಳೆಯುತ್ತದೆ. ಒಂದು ತುದಿಯಲ್ಲಿ ಬಿಡುಗಡೆ, ಇನ್ನೊಂದು ತುದಿಯಲ್ಲಿ ಮರಣ, ನಡುವೆ ಗಡಿಪಾರು. ಬಿಡುಗಡೆಯನ್ನು ಬಯಸುವವನಿಗೆ ಮರಣಕ್ಕಿಂತ ಗಡಿಪಾರು ಮೇಲು. ಮರಣವನ್ನು ಬಯಸುವವನಿಗೆ ಬಿಡುಗಡೆಗಿಂತ ಗಡಿಪಾರು ಮೇಲು. ಆದುದರಿಂದ ಎರಡು ತುದಿಗಳಲ್ಲಿ ಯಾವುದಕ್ಕೂ ಅರ್ಧಕ್ಕೆ ಮೀರಿದ ಬಲವಿಲ್ಲದಿದ್ದಾಗ ನಡುವಣದೇ ಒಂದೊಂದನ್ನೂ ಎದುರುಬದುರಾಗಿ ಗೆಲ್ಲುವುದು. ಆದರೆ ಹೀಗೆ ನೋಡಬೇಕೆಂಬ ಬುದ್ಧಿಯು ಹುಟ್ಟುವುದಕ್ಕೆ ಹದಿನೆಂಟು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು.

೨

ಸೂಚನೆಗಳನ್ನು ಎರಡೆರಡಾಗಿ ಎದುರಿಟ್ಟು ತೂಗಿನೋಡಬೇಕೆಂಬ ವಿಚಾರವು ಮಧ್ಯಯುಗದ ಯೂರೋಪಿನಲ್ಲಿಯೂ ಇದ್ದಿತು. ಮಜೋರ್ಕಾ ದ್ವೀಪದ ರಾಮೋನ್ ಲುಲ್ ಎಂಬ ತತ್ತ್ವಜ್ಞನು ಹದಿಮೂರನೆಯ ಶತಮಾನದಲ್ಲಿಯೇ ಮಠಾಧಿಕಾರಿಗಳ ಚುನಾವಣೆಗೆ ಇಂತಹ ಕ್ರಮವೊಂದನ್ನು ಬರೆದಿಟ್ಟಿದ್ದನು. ಆದರೆ ಇದನ್ನು ಗಣಿತಶಾಸ್ತ್ರವನ್ನಾಗಿ ಮಾಡಿದ ಕೀರ್ತಿಯು ಫ್ರಾನ್ಸ್ ದೇಶದ ಮಾರ್ಕ್ವಿಸ್ ಕೊಂಡೊರ್ಸೆಗೆ ಸಲ್ಲತಕ್ಕದ್ದು. ೧೭೪೩ರಲ್ಲಿ ಹುಟ್ಟಿದ ಈತನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದು, ೧೭೮೫ರಲ್ಲಿ ಬಹುಮತ ನಿರ್ಣಯಗಳಿಗೆ ಸಂಭಾವ್ಯತಾಗಣಿತವನ್ನು ಅನ್ವಯಿಸಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಉಳಿದ ಪ್ರತಿಯೊಂದು ಸೂಚನೆಯನ್ನೂ ಒಂದಕ್ಕೊಂದು ಎದುರಿಟ್ಟಾಗ ಗೆಲ್ಲುವ ಸೂಚನೆಯು ಯಾವುದೋ ಅದೇ ಸಭೆಯ ನಿಜವಾದ ಇಷ್ಟವೆಂಬುದು ಆತನ ಸಿದ್ಧಾಂತ.

ಆದರೆ ಅಂತಹ ಸೂಚನೆಯು ಯಾವಾಗಲೂ ಇರಲೇಬೇಕೆಂಬ ನಿಯಮವಿಲ್ಲವೆಂಬುದನ್ನೂ ಆತನೇ ಕಂಡುಹಿಡಿದನು. ಹೇಗೆಂದರೆ: ಮೂವರು ಪಂಚರ ಮುಂದೆ ಕೆರೆ, ಶಾಲೆ, ರಸ್ತೆ ಎಂಬ ಮೂರು ಕೆಲಸಗಳಿದ್ದು, ಒಂದಕ್ಕೆ ಮಾತ್ರ ಹಣವಿದೆಯೆಂದು ಇಟ್ಟುಕೊಳ್ಳಬಹುದು. ಮೊದಲನೆಯವನಿಗೆ ಕೆರೆ, ಶಾಲೆ, ರಸ್ತೆ ಎಂಬ ಕ್ರಮದಲ್ಲಿ ಇಷ್ಟ. ಎರಡನೆಯವನಿಗೆ ಶಾಲೆ, ರಸ್ತೆ, ಕೆರೆ. ಮೂರನೆಯವನಿಗೆ ರಸ್ತೆ, ಕೆರೆ, ಶಾಲೆ. ಕೆರೆಗೂ ಶಾಲೆಗೂ ಮತ ತೆಗೆದುಕೊಂಡರೆ ಮೊದಲನೆಯವನೂ ಮೂರನೆಯವನೂ ಸೇರಿ ಕೆರೆ ಗೆಲ್ಲುವುದು. ಶಾಲೆಗೂ ರಸ್ತೆಗೂ ಆದರೆ ಶಾಲೆ ಗೆಲ್ಲುವುದು. ಹೀಗಿರಲು ಕೆರೆಯು ರಸ್ತೆಯನ್ನು ಸುಲಭವಾಗಿ ಗೆಲ್ಲಬೇಕೆಂದು ತೋರುವುದಷ್ಟೆ. ಎಣಿಸಿ ನೋಡಿದರೆ ಎರಡನೆಯವನೂ ಮೂರನೆಯವನೂ ಸೇರಿ ರಸ್ತೆಯೇ ಗೆಲ್ಲುವುದು! ಒಬ್ಬೊಬ್ಬನ ಮನಸ್ಸೂ ನೆಟ್ಟಗಿದೆ. ಸಭೆಯ ಮನಸ್ಸು ಮಾತ್ರ ಗಾಣದ ಎತ್ತಿನಂತೆ ಸುತ್ತುತ್ತಿರುವುದು.

ಕೊಂಡೊರ್ಸೆಯು ಈ ಶಾಸ್ತ್ರವನ್ನು ಮುಂದುವರಿಸಲು ಕಾಲವು ಎಡೆಗೊಡಲಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಆತನು ಜನಸಭೆಯ ಸದಸ್ಯನಾಗಿ ೧೭೯೩ರಲ್ಲಿ ಒಂದು ರಾಜ್ಯಾಂಗದ ಕರಡನ್ನು ರಚಿಸಿದನು. ಸಭೆಯು ಬೇರೊಂದನ್ನು ಅಂಗೀಕರಿಸಿತು. ಅದನ್ನು ಖಂಡಿಸಿದ್ದಕ್ಕಾಗಿ ಆತನ ಬಂಧನಕ್ಕೆ ಆಜ್ಞೆಯಾಯಿತು. ತಿಂಗಳುಗಟ್ಟಲೆ ತಲೆಮರೆಸಿಕೊಂಡಿದ್ದು, ೧೭೯೪ರಲ್ಲಿ ಸಿಕ್ಕಿಬಿದ್ದು, ಸೆರೆಮನೆಯಲ್ಲಿಯೇ ಪ್ರಾಣಬಿಟ್ಟನು. ಆತನ ಗ್ರಂಥವು ಬಹುಕಾಲ ಓದುಗರಿಲ್ಲದೆ ಉಳಿಯಿತು. ೧೮೭೩ರಿಂದ ೧೮೭೬ರವರೆಗೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕನಾಗಿದ್ದ ಚಾರ್ಲ್ಸ್ ಡಾಡ್ಜ್‌ಸನ್ ಎಂಬಾತನು ಇದೇ ವಿಷಯವಾಗಿ ಮೂರು ಚಿಕ್ಕ ಪುಸ್ತಿಕೆಗಳನ್ನು ಅಚ್ಚುಹಾಕಿಸಿದನು. ಮಕ್ಕಳ ಕಥೆಗಳಿಂದ ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಲೋಕವಿಖ್ಯಾತನಾದವನು ಈತನೇ. ಕಾಲೇಜಿನ ಗಂಟೆಗೋಪುರದ ಮಾದರಿಯನ್ನು ಆರಿಸುವ ವಿವಾದವೂ ಆತನ ಬರಹಕ್ಕೆ ಒಂದು ನಿಮಿತ್ತವಾಗಿದ್ದಿತು. ಆತನೂ ಬಹುಮತವು ಚಕ್ರವಾಗಿ ತಿರುಗುವ ಸಂದರ್ಭವನ್ನು ಕಂಡು ಅದಕ್ಕೆ ಪರಿಹಾರವನ್ನು ಹುಡುಕಿದನು. ಆ ಪುಸ್ತಿಕೆಗಳೂ ಕೆಲವೇ ಜನರ ಕೈಸೇರಿ ಮರೆಯಾದುವು.

೩

ಮರೆತುಹೋದ ಈ ವಿದ್ಯೆಗೆ ಪುನರ್ಜನ್ಮವನ್ನು ಕೊಟ್ಟವನು ಸ್ಕಾಟ್ಲೆಂಡಿನ ಡಂಕನ್ ಬ್ಲ್ಯಾಕ್. ೧೯೦೮ರಲ್ಲಿ ಮದರ್‌ವೆಲ್ ಎಂಬ ಕೈಗಾರಿಕೆಯ ಊರಿನಲ್ಲಿ ಹುಟ್ಟಿದ ಈತನು ವೇಲ್ಸ್ ಪ್ರಾಂತದ ಬ್ಯಾಂಗರ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕನಾಗಿದ್ದನು. ಎರಡನೆಯ ಮಹಾಯುದ್ಧದ ಕಾಲ. ೧೯೪೨ರ ಫೆಬ್ರವರಿಯ ಒಂದು ರಾತ್ರಿ, ವಿಮಾನಗಳ ದಾಳಿಯಿಂದ ಬೆಂಕಿ ಬಿದ್ದೀತೆಂದು ಕಾವಲಿರುವ ಸರದಿಯು ಆತನಿಗೆ ಬಂದು, ವಾರ್ವಿಕ್ ಕೋಟೆಯ ಒಂದು ದಿವಾನಖಾನೆಯಲ್ಲಿ ಕುಳಿತಿದ್ದನು. ಸಮಿತಿಗಳು ಹೇಗೆ ತೀರ್ಮಾನಿಸುವುವೆಂಬ ಚಿಂತೆಯು ಆತನನ್ನು ವರ್ಷಗಳಿಂದ ಕಾಡುತ್ತಿದ್ದಿತು. ಆ ರಾತ್ರಿ ಕಾಗದದ ಮೇಲೆ ಗೀಚಿದ ಒಂದೇ ಒಂದು ಚಿತ್ರದಲ್ಲಿ ಆತನಿಗೆ ಉತ್ತರವು ದೊರೆಯಿತು.

ಉತ್ತರವಿದು. ಸೂಚನೆಗಳೆಲ್ಲವೂ ಒಂದು ಗೆರೆಯ ಮೇಲೆ ಇರಲಿ. ಉದಾಹರಣೆಗೆ ತೆರಿಗೆಯ ಮೊತ್ತ. ಒಬ್ಬೊಬ್ಬ ಸದಸ್ಯನಿಗೂ ತನಗೆ ಅತ್ಯಂತ ಇಷ್ಟವಾದ ಒಂದು ಬಿಂದುವಿದೆ. ಅದರಿಂದ ಎರಡು ಕಡೆಗೂ ದೂರ ಹೋದಂತೆಲ್ಲ ಇಷ್ಟವು ಕುಗ್ಗುತ್ತದೆ. ಹೀಗಿದ್ದಲ್ಲಿ ಸದಸ್ಯರನ್ನು ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ಬರುವವನ ಇಷ್ಟಬಿಂದು ಯಾವುದೋ ಅದನ್ನು ಬೇರಾವ ಸೂಚನೆಯೂ ಸೋಲಿಸಲಾರದು. ಏಕೆಂದರೆ ಅದಕ್ಕಿಂತ ಬಲಗಡೆಯ ಸೂಚನೆಯೊಂದು ಬಂದರೆ ನಡುವಿನವನೂ ಅವನ ಎಡಗಡೆಯವರೆಲ್ಲರೂ ಒಟ್ಟಾಗಿ ಎದುರಾಗುವರು. ಅವರ ಸಂಖ್ಯೆ ಅರ್ಧಕ್ಕೆ ಮೀರಿದ್ದು. ಎಡಗಡೆಯಿಂದ ಬಂದರೂ ಹಾಗೆಯೇ. ಸೆನೆಟ್ಟಿನಲ್ಲಿ ಪ್ಲಿನಿಯು ಸೋತುದಕ್ಕೆ ಕಾರಣವು ಇಲ್ಲಿ ಸ್ಪಷ್ಟವಾಯಿತು. ಎರಡು ಅಂಗಡಿಗಳು ಒಂದೇ ಬೀದಿಯಲ್ಲಿ ಗಿರಾಕಿಗಳಿಗಾಗಿ ಸ್ಪರ್ಧಿಸುವಾಗ ಎರಡೂ ನಡುಬೀದಿಗೆ ಸರಿಯುವುವೆಂದು ಅಮೆರಿಕದ ಹೆರಾಲ್ಡ್ ಹೋಟೆಲಿಂಗನು ೧೯೨೯ರಲ್ಲಿಯೇ ತೋರಿಸಿ, ರಾಜಕೀಯ ಪಕ್ಷಗಳೂ ಹೀಗೆಯೇ ಮಾಡುವುವೆಂದು ಸೂಚಿಸಿದ್ದನು. ಬ್ಲ್ಯಾಕನ ಲೇಖನವು ೧೯೪೮ರಲ್ಲಿ ಪ್ರಕಟವಾಯಿತು.

ಆದರೆ ನಡುವಿನ ಬಿಂದುವನ್ನು ಕಂಡವನಿಗೇ ಚಕ್ರವೂ ಕಾಣಿಸಿಕೊಂಡಿತು. ಇಷ್ಟಗಳು ಒಂದು ಗೆರೆಯ ಶಿಸ್ತಿಗೆ ಒಳಪಡದಿರುವ ಉದಾಹರಣೆಯೊಂದನ್ನು ಲೆಕ್ಕಮಾಡುತ್ತಿದ್ದಾಗ ಬಹುಮತವು ಸುತ್ತಿಕೊಂಡು ಬಂದುದನ್ನು ನೋಡಿ, ಕೂಡುವುದರಲ್ಲಿ ತಪ್ಪಾಗಿರಬೇಕೆಂದು ಆತನು ಮತ್ತೆ ಲೆಕ್ಕ ಹಾಕಿದನಂತೆ. ಲೆಕ್ಕವು ಸರಿಯಾಗಿಯೇ ಇದೆಯೆಂದು ಕಂಡಾಗ ಹೊಟ್ಟೆ ತೊಳಸಿದಂತಾಯಿತೆಂದು ಮುಂದೆ ನೆನೆಸಿಕೊಂಡಿರುವನು. ಕೊಂಡೊರ್ಸೆಯೂ ಡಾಡ್ಜ್‌ಸನ್ನನೂ ತನಗಿಂತ ಮೊದಲೇ ಈ ದಾರಿಯಲ್ಲಿ ನಡೆದಿದ್ದರೆಂಬುದು ಆತನಿಗೆ ಆಮೇಲೆ ತಿಳಿಯಿತು. ಅವರ ಬರಹಗಳನ್ನು ಹುಡುಕಿ ತೆಗೆದು ೧೯೫೮ರಲ್ಲಿ ತಾನು ಪ್ರಕಟಿಸಿದ ಗ್ರಂಥದಲ್ಲಿ ಅವರಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿದನು.

೪

ಸಭೆಗಳ ಮುಂದೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಗೆರೆಯಲ್ಲಿ ಅಡಗುವುದಿಲ್ಲ. ಆಯವ್ಯಯದ ಪಟ್ಟಿಯಲ್ಲಿ ಶಾಲೆಗೆಷ್ಟು, ರಸ್ತೆಗೆಷ್ಟು ಎಂಬ ಎರಡು ಬಾಬುಗಳಿದ್ದರೆ ಸಾಕು, ಗೆರೆಯು ಹೋಗಿ ಸಮತಲವು ಬೇಕಾಗುವುದು. ಬ್ಲ್ಯಾಕನು ಬ್ಯಾಂಗರಿನ ಗಣಿತಾಧ್ಯಾಪಕನಾದ ನ್ಯೂಯಿಂಗ್ ಎಂಬುವನೊಡನೆ ಸೇರಿ ೧೯೫೧ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ, ಸಮತಲದಲ್ಲಿ ಗೆಲ್ಲುವ ಬಿಂದುವು ದೊರೆಯುವುದು ಅಪರೂಪವೆಂದು ತೋರಿಸಿದನು. ಇದು ಎಷ್ಟು ದೂರದ ಮಾತೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಒಂದು ಊರಿನ ಸಮಿತಿಯಲ್ಲಿ ಮೂವರು ಸದಸ್ಯರು. ಮೊದಲನೆಯವನಿಗೆ ಮಿತವ್ಯಯವೇ ಇಷ್ಟ: ಶಾಲೆಗೆ ೧ ಲಕ್ಷ, ರಸ್ತೆಗೆ ೧ ಲಕ್ಷ. ಎರಡನೆಯವನು ಶಾಲೆಯ ಪಕ್ಷ: ಶಾಲೆಗೆ ೯, ರಸ್ತೆಗೆ ೧. ಮೂರನೆಯವನು ಶಾಲೆಗೆ ೫, ರಸ್ತೆಗೆ ೮ ಎನ್ನುವನು. ಶಾಲೆಯ ಮೊತ್ತವನ್ನು ಅಡ್ಡಲಾಗಿಯೂ ರಸ್ತೆಯ ಮೊತ್ತವನ್ನು ಮೇಲ್ಮುಖವಾಗಿಯೂ ಅಳೆದು ಗುರುತುಹಾಕಿದರೆ ಮೂರು ಇಷ್ಟಬಿಂದುಗಳಿಂದ ಒಂದು ತ್ರಿಕೋಣವಾಗುವುದು. ಎರಡು ಸೂಚನೆಗಳು ಎದುರಾದಾಗ ಸದಸ್ಯನು ತನ್ನ ಬಿಂದುವಿಗೆ ಹತ್ತಿರವಾದುದಕ್ಕೆ ಮತ ಕೊಡುವನು. ದೂರದ ವರ್ಗವನ್ನು ಲೆಕ್ಕಮಾಡುವುದು ಸುಲಭ: ಎರಡು ಬಾಬುಗಳ ವ್ಯತ್ಯಾಸಗಳನ್ನೂ ವರ್ಗಮಾಡಿ ಕೂಡಿದರಾಯಿತು.

ಮೊದಲು ಶಾಲೆಗೆ ೫, ರಸ್ತೆಗೆ ೩ ಎಂಬ ಸೂಚನೆಯಿದೆ. ಇದು ತ್ರಿಕೋಣದ ನಡುವಿನಲ್ಲಿಯೇ ಇರುವುದು. ಮೂವರಿಂದಲೂ ಇದರ ದೂರದ ವರ್ಗಗಳು ಕ್ರಮವಾಗಿ ೨೦, ೨೦, ೨೫. ಯಾರೋ ೨ ಮತ್ತು ೫ ಎಂಬ ತಿದ್ದುಪಡಿಯನ್ನು ತರುವರು. ಈಗ ವರ್ಗಗಳು ೧೭, ೬೫, ೧೮. ಒಂದನೆಯವನಿಗೂ ಮೂರನೆಯವನಿಗೂ ಇದು ಹತ್ತಿರ. ಎರಡು ಮತಗಳಿಂದ ಗೆದ್ದಿತು. ಬಳಿಕ ೯ ಮತ್ತು ೮ ಎಂಬ ತಿದ್ದುಪಡಿ. ವರ್ಗಗಳು ೧೧೩, ೪೯, ೧೬. ಎರಡನೆಯವನೂ ಮೂರನೆಯವನೂ ಒಪ್ಪಿದರು, ಇದೂ ಗೆದ್ದಿತು. ಕೊನೆಗೆ ೧೦ ಮತ್ತು ೬ ಎಂಬುದು. ವರ್ಗಗಳು ೧೦೬, ೨೬, ೨೯. ಮೊದಲಿನವರಿಬ್ಬರೂ ಒಪ್ಪಿದರು, ಇದೂ ಗೆದ್ದಿತು. ಮೂರು ಸಲವೂ ಶುದ್ಧವಾದ ಬಹುಮತವೇ. ಯಾರೂ ಮೋಸ ಮಾಡಲಿಲ್ಲ, ಯಾರೂ ತಮ್ಮ ಮನಸ್ಸಿಗೆ ವಿರುದ್ಧವಾಗಿ ಕೈಯೆತ್ತಲಿಲ್ಲ. ಆದರೂ ಸಮಿತಿಯು ಬಂದು ನಿಂತ ನೆಲೆಯನ್ನು ಹೊರಟ ನೆಲೆಯೊಡನೆ ಹೋಲಿಸಿದರೆ, ೨೦, ೨೦, ೨೫ ಇದ್ದುದು ೧೦೬, ೨೬, ೨೯ ಆಗಿ, ಮೂವರಿಗೂ ಮೊದಲಿಗಿಂತ ಕೆಟ್ಟುದೇ ಆಗಿದೆ. ಶಾಲೆಯ ಪಕ್ಷದವನೇ ಕೇಳಿದುದಕ್ಕಿಂತ ಹೆಚ್ಚು ಹಣವು ಶಾಲೆಗೆ ಮಂಜೂರಾಗಿದೆ!

ಇಲ್ಲಿ ಗೆಲ್ಲತಕ್ಕ ಬಿಂದುವೇ ಇಲ್ಲ. ಕಾರಣವೇನೆಂದರೆ, ಇಬ್ಬರು ಸದಸ್ಯರ ಬಿಂದುಗಳನ್ನು ಸೇರಿಸುವ ರೇಖೆಯ ಮೇಲಿಲ್ಲದ ಸೂಚನೆಯನ್ನು ಆ ರೇಖೆಯ ಕಡೆಗೆ ಸ್ವಲ್ಪ ಸರಿಸಿದರೆ ಇಬ್ಬರಿಗೂ ಅದು ಹತ್ತಿರವಾಗುವುದು. ಇಬ್ಬರೆಂದರೆ ಇಲ್ಲಿ ಬಹುಮತ. ಸೋಲದಿರಬೇಕಾದರೆ ಸೂಚನೆಯು ತ್ರಿಕೋಣದ ಮೂರು ಭುಜಗಳ ಮೇಲೆಯೂ ಏಕಕಾಲದಲ್ಲಿ ಇರಬೇಕು, ಅದು ಅಸಾಧ್ಯವಷ್ಟೆ.

೫

ಹಾಗಾದರೆ ಸಮತಲದಲ್ಲಿ ಗೆಲ್ಲುವ ಬಿಂದುವು ಎಂದಿಗೂ ಇರುವುದಿಲ್ಲವೆ? ೧೯೬೭ರಲ್ಲಿ ಚಾರ್ಲ್ಸ್ ಪ್ಲಾಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಇದಕ್ಕೆ ಉತ್ತರವನ್ನು ಕೊಟ್ಟನು. ಸದಸ್ಯರ ಸಂಖ್ಯೆಯು ಬೆಸವಾಗಿದ್ದು ಅವರ ಬಿಂದುಗಳು ಬೇರೆಬೇರೆಯಾಗಿದ್ದರೆ, ಒಬ್ಬ ಸದಸ್ಯನು ಸರಿಯಾಗಿ ಆ ಬಿಂದುವಿನಲ್ಲಿಯೇ ಇರಬೇಕು. ಉಳಿದವರು ಜೋಡಿಜೋಡಿಯಾಗಿ, ಅದರ ಎರಡು ಕಡೆಗಳಲ್ಲಿ, ಒಂದೇ ನೇರದಲ್ಲಿ ಎದುರುಬದುರಾಗಿ ನಿಂತಿರಬೇಕು. ದೂರಗಳು ಸಮವಾಗಿರಬೇಕಾದುದಿಲ್ಲ, ದಿಕ್ಕುಗಳು ಮಾತ್ರ ಎದುರಾಗಿರಬೇಕು. ತಕ್ಕಡಿಯ ತಟ್ಟೆಗಳಂತೆ ಒಂದೊಂದು ಜೋಡಿಯೂ ತಮ್ಮೊಳಗೇ ಸರಿತೂಗಿದರೆ ನಡುವಿನವನ ಮಾತು ನಿಲ್ಲುವುದು. ಆದರೆ ಒಬ್ಬನು ಒಂದಿಷ್ಟು ಪಕ್ಕಕ್ಕೆ ಸರಿದರೂ ಈ ಸಮತೋಲವು ಕೆಡುವುದು.

ಕೆಟ್ಟರೆ ಎಷ್ಟರಮಟ್ಟಿಗೆ ಕೆಡುವುದೆಂಬುದನ್ನು ೧೯೭೬ರಲ್ಲಿ ರಿಚರ್ಡ್ ಮೆಕೆಲ್ವಿಯು ಪ್ರತಿಪಾದಿಸಿದನು. ಸದಸ್ಯರು ದೂರವನ್ನೇ ನೋಡಿ ಪ್ರಾಮಾಣಿಕವಾಗಿ ಮತ ಕೊಡುವರೆಂದು ಇಟ್ಟುಕೊಂಡರೆ, ಗೆಲ್ಲುವ ಬಿಂದುವಿಲ್ಲದ ಸಭೆಯಲ್ಲಿ ಯಾವ ಬಿಂದುವಿನಿಂದ ಹೊರಟರೂ ತಕ್ಕ ತಿದ್ದುಪಡಿಗಳ ಸರಣಿಯೊಂದರಿಂದ ಬೇಕಾದ ಯಾವ ಬಿಂದುವಿಗಾದರೂ ಬಹುಮತದ ಮೂಲಕವೇ ತಲಪಬಹುದೆಂಬುದು ಆತನ ಸಿದ್ಧಾಂತ. ಸಮಿತಿಯ ಉದಾಹರಣೆಯಲ್ಲಿ ಕಂಡ ಮೂರು ಹೆಜ್ಜೆಗಳು ಈ ದೊಡ್ಡ ದಾರಿಯ ಆರಂಭ ಮಾತ್ರ. ಇದರಿಂದ ಒಂದು ಗಂಭೀರವಾದ ಪರಿಣಾಮವು ಒದಗುವುದು. ಯಾವ ಸೂಚನೆಯ ಮೇಲೆ ಯಾವುದನ್ನು ಎದುರಿಡಬೇಕು, ಯಾವಾಗ ಚರ್ಚೆಯನ್ನು ನಿಲ್ಲಿಸಬೇಕು ಎಂಬ ಅಧಿಕಾರವು ಯಾರ ಕೈಯಲ್ಲಿರುವುದೋ, ಎಲ್ಲರ ಇಷ್ಟಬಿಂದುಗಳನ್ನೂ ಬಲ್ಲ ಅಂತಹವನು ಸಭೆಯನ್ನು ತನ್ನ ಮನಬಂದ ಕಡೆಗೆ ನಡೆಸಬಲ್ಲನು. ಕೊನೆಗೆ ಅದೆಲ್ಲವೂ ಸಭೆಯ ಬಹುಮತದ ತೀರ್ಮಾನವೆಂದೇ ದಾಖಲೆಯಲ್ಲಿ ನಿಲ್ಲುವುದು. ಕಾರ್ಯಕ್ರಮದ ಪಟ್ಟಿಯನ್ನು ಬರೆಯುವ ಲೇಖನಿಯು ಮತದ ಚೀಟಿಗಿಂತ ಕಡಿಮೆ ಬಲವುಳ್ಳದ್ದಲ್ಲ.

೬

ಹೀಗಾಗಿ ಒಂದು ಪ್ರಶ್ನೆಯು ಕೇವಲ ವಿನೋದಕ್ಕಲ್ಲದೆ ಪ್ರಯೋಜನಕ್ಕಾಗಿಯೇ ಎದ್ದಿತು: ಸದಸ್ಯರ ಬಿಂದುಗಳನ್ನು ಕೊಟ್ಟರೆ, ಗೆಲ್ಲುವ ಸೂಚನೆಯುಂಟೋ ಇಲ್ಲವೋ ಎಂಬುದನ್ನು ಲೆಕ್ಕದಿಂದ ತಿಳಿಯುವ ಕ್ರಮ ಯಾವುದು? ಸಮತಲದಲ್ಲಿ ಬಿಂದುಗಳಿಗೆ ಕೊನೆಯಿಲ್ಲ. ಒಂದೊಂದನ್ನೂ ಪರೀಕ್ಷಿಸುವೆನೆಂದರೆ ಕಲ್ಪಾಂತರವಾದರೂ ಮುಗಿಯದು. ಇಲ್ಲಿ ರೇಖಾಗಣಿತವು ಸಹಾಯಕ್ಕೆ ಬರುವುದು.

ಬೆಸಸಂಖ್ಯೆಯ ಸಭೆಯನ್ನು ತೆಗೆದುಕೊಂಡು, ಯಾವುದಾದರೊಂದು ದಿಕ್ಕಿಗೆ ಸಮಾನಾಂತರವಾಗಿ, ಎರಡು ಪಕ್ಕಗಳಲ್ಲಿಯೂ ಅರ್ಧಕ್ಕೆ ಮೀರಿದ ಸದಸ್ಯರಿಲ್ಲದಂತೆ ಒಂದು ರೇಖೆಯನ್ನು ಎಳೆಯಬಹುದು. ಅದು ನಡುವಿನ ಸದಸ್ಯನ ಬಿಂದುವನ್ನು ಹಾದುಹೋಗುವುದು. ಇದನ್ನು ಮಧ್ಯರೇಖೆಯೆಂದು ಕರೆಯೋಣ. ಸೂಚನೆಯು ಈ ರೇಖೆಯಿಂದ ಹೊರಗಿದ್ದರೆ, ರೇಖೆಯ ಮೇಲಿರುವವರೂ ಆಚೆಯವರೂ ಸೇರಿ ಬಹುಮತವಾಗಿ, ಅದನ್ನು ರೇಖೆಯ ಕಡೆಗೆ ಎಳೆದುಕೊಳ್ಳುವರು. ಆದುದರಿಂದ ಗೆಲ್ಲುವ ಬಿಂದುವು ಪ್ರತಿಯೊಂದು ಮಧ್ಯರೇಖೆಯ ಮೇಲೂ ಇರಲೇಬೇಕು. ಎರಡು ಬೇರೆ ದಿಕ್ಕಿನ ರೇಖೆಗಳು ಸಂಧಿಸುವುದು ಒಂದೇ ಬಿಂದುವಿನಲ್ಲಿ. ಅಲ್ಲಿಗೆ ಅನಂತವಾದ ಬಿಂದುಗಳಲ್ಲಿ ಅಭ್ಯರ್ಥಿಯಾಗಿ ಉಳಿಯುವುದು ಒಂದೇ ಒಂದು!

ಇನ್ನು ಅದನ್ನು ಪರೀಕ್ಷಿಸಬೇಕು. ಆ ಬಿಂದುವಿನಲ್ಲಿ ಒಂದು ಕಡ್ಡಿಯನ್ನು ಊರಿ, ಅದರ ಸುತ್ತ ಒಂದು ರೇಖೆಯನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಬೇಕು. ತಿರುಗುವಾಗ ಯಾವ ಸ್ಥಾನದಲ್ಲಿಯಾದರೂ ರೇಖೆಯ ಒಂದು ಪಕ್ಕದಲ್ಲಿ ಅರ್ಧಕ್ಕೆ ಮೀರಿದ ಸದಸ್ಯರು ಕಂಡರೆ, ಆ ಪಕ್ಕಕ್ಕೆ ಸ್ವಲ್ಪ ಸರಿದ ಸೂಚನೆಯೊಂದು ಇದನ್ನು ಸೋಲಿಸುವುದು. ಎಲ್ಲಿಯೂ ಹಾಗೆ ಕಾಣದಿದ್ದರೆ ಇದೇ ಗೆಲ್ಲುವ ಸೂಚನೆ. ಏಕೆಂದರೆ ಬೇರೊಂದು ಸೂಚನೆಯನ್ನು ಮೆಚ್ಚುವವರೆಲ್ಲರೂ, ಎರಡು ಸೂಚನೆಗಳ ನಡುವೆ ಲಂಬವಾಗಿ ಎಳೆದ ರೇಖೆಯ ಆಚೆಯ ಪಕ್ಕದಲ್ಲಿಯೇ ಇರತಕ್ಕವರು. ಅವರು ಅರ್ಧಕ್ಕೆ ಮೀರಲಾರರೆಂದು ಪರೀಕ್ಷೆಯಲ್ಲಿಯೇ ತಿಳಿದಿರುವುದು. ಸದಸ್ಯರನ್ನು ದಿಕ್ಕಿನ ಕ್ರಮದಲ್ಲಿ ಒಮ್ಮೆ ಜೋಡಿಸಿಟ್ಟುಕೊಂಡರೆ ರೇಖೆಯು ಒಬ್ಬೊಬ್ಬನನ್ನು ದಾಟುವಾಗಲೂ ಒಂದನ್ನು ಕೂಡುವುದು ಇಲ್ಲವೆ ಕಳೆಯುವುದು ಮಾತ್ರ ಕೆಲಸ.

ಮೂವರ ಸಮಿತಿಗೆ ಇದನ್ನು ಅನ್ವಯಿಸಿದರೆ: ಶಾಲೆಯ ಬಾಬಿನಲ್ಲಿ ೧, ೫, ೯ ಇವುಗಳ ನಡುವಿನದು ೫, ರಸ್ತೆಯ ಬಾಬಿನಲ್ಲಿ ೧, ೧, ೮ ಇವುಗಳ ನಡುವಿನದು ೧. ಅಭ್ಯರ್ಥಿಯು ೫ ಮತ್ತು ೧. ಅಲ್ಲಿ ಯಾವ ಸದಸ್ಯನೂ ಇಲ್ಲವಾದುದರಿಂದಲೇ ಅದು ನಿಲ್ಲಲಾರದು. ೪ ಮತ್ತು ೨ ಎಂಬ ಸೂಚನೆಯನ್ನು ತಂದರೆ ಒಂದನೆಯವನಿಗೆ ದೂರದ ವರ್ಗವು ೧೬ರಿಂದ ೧೦ಕ್ಕೂ, ಮೂರನೆಯವನಿಗೆ ೪೯ರಿಂದ ೩೭ಕ್ಕೂ ಇಳಿಯುವುದು. ಬಾಬುಬಾಬಾಗಿ ಮತ ತೆಗೆದುಕೊಂಡು ಕೂಡಿಸಿದ ಆಯವ್ಯಯವು ಇಡಿಯಾಗಿ ಮತಕ್ಕೆ ಬಂದಾಗ ಸೋಲಬಹುದೆಂಬುದೂ ಇದರಿಂದ ವಿದಿತವಾಗುವುದು.

ಸಮತಲವನ್ನು ಬಿಟ್ಟು ಮೂರು, ನಾಲ್ಕು, ಹತ್ತು ಬಾಬುಗಳ ಪ್ರಶ್ನೆಗಳಿಗೆ ಹೋದರೆ ಕೆಲಸವು ಕಠಿನವಾಗುವುದು. ೨೦೧೩ರಲ್ಲಿ ತೈವಾನಿನ ವಿದ್ವಾಂಸರು ಇದಕ್ಕೆ ಒಂದು ಗಣನಕ್ರಮವನ್ನು ಕೊಟ್ಟರು. ಆದರೆ ಬಾಬುಗಳು ಹೆಚ್ಚಿದಂತೆ ಅದರ ಶ್ರಮವು ಗುಣಾಕಾರವಾಗಿ ಬೆಳೆಯುತ್ತಿದ್ದಿತು. ೨೦೧೬ರಲ್ಲಿ ಮಾರ್ಕ್ ಡಿ ಬರ್ಗ್, ಜೊವಾಕಿಮ್ ಗುಡ್ಮಂಡ್ಸನ್, ಮೆಹರ್ ಎಂಬ ಮೂವರು, ಬಾಬುಗಳ ಸಂಖ್ಯೆಯು ನಿಯತವಾಗಿದ್ದರೆ ಸದಸ್ಯರನ್ನು ಕ್ರಮವಾಗಿ ಜೋಡಿಸುವಷ್ಟೇ ಶ್ರಮದಲ್ಲಿ ಗೆಲ್ಲುವ ಬಿಂದುವನ್ನು ನಿಶ್ಚಯಿಸಬಹುದೆಂದು ತೋರಿಸಿದರು. ಸಾವಿರ ಮಂದಿಯನ್ನು ಒಬ್ಬೊಬ್ಬನೊಡನೆ ಒಬ್ಬೊಬ್ಬನನ್ನು ಹೋಲಿಸುವುದಕ್ಕೆ ಹತ್ತು ಲಕ್ಷದ ಪ್ರಮಾಣದ ಹೆಜ್ಜೆಗಳು ಬೇಕಾದರೆ, ಹೀಗೆ ಜೋಡಿಸುವುದಕ್ಕೆ ಹತ್ತು ಸಾವಿರದ ಪ್ರಮಾಣದವು ಸಾಕು. ಗೆಲ್ಲುವ ಬಿಂದುವಿಲ್ಲದ ಸಭೆಯಲ್ಲಿ ಯಾವ ಕೆಲವರನ್ನು ಬಿಟ್ಟರೆ ಅದು ಉಂಟಾಗುವುದೆಂಬುದನ್ನು ಲೆಕ್ಕಮಾಡುವ ಕ್ರಮವನ್ನೂ ಅವರು ವಿವರಿಸಿರುವರು.

೭

ಮೆಕೆಲ್ವಿಯ ಸಿದ್ಧಾಂತವನ್ನು ಓದಿದವರಿಗೆ ಬಹುಮತದಲ್ಲಿ ಭರವಸೆಯೇ ತಪ್ಪುವಂತಾಗಬಹುದು. ಆದರೆ ಅದೇ ರೇಖಾಗಣಿತವು ಸಮಾಧಾನದ ಮಾತುಗಳನ್ನೂ ಹೇಳಿರುವುದು.

ಮೊದಲನೆಯದು, ರಿಚರ್ಡ್ ರಾಡೋ ಎಂಬ ಗಣಿತಜ್ಞನು ೧೯೪೬ರಲ್ಲಿ ಸಾಧಿಸಿದ ಪ್ರಮೇಯ. ಸಮತಲದಲ್ಲಿ ಬಿಂದುಗಳು ಹೇಗೆಯೇ ಚದರಿರಲಿ, ಒಂದು ಕೇಂದ್ರಬಿಂದುವು ಇದ್ದೇ ಇರುವುದು; ಅದನ್ನು ಹೊರಗಿಟ್ಟು ಎಳೆದ ರೇಖೆಯ ಆಚೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬಿಂದುಗಳು ಇರಲಾರವು. ಇದನ್ನು ಸಭೆಗೆ ಅನ್ವಯಿಸಿದರೆ, ಹಳೆಯದನ್ನು ಬದಲಾಯಿಸಲು ಮೂರರಲ್ಲಿ ಎರಡಕ್ಕೆ ಮೀರಿದ ಮತಗಳು ಬೇಕೆಂಬ ನಿಯಮವಿದ್ದಲ್ಲಿ, ಎರಡು ಬಾಬುಗಳ ಪ್ರಶ್ನೆಯಲ್ಲಿ ಯಾರೂ ಕದಲಿಸಲಾರದ ಸೂಚನೆಯೊಂದು ಯಾವಾಗಲೂ ಇರುವುದು. ಮೂರು ಬಾಬುಗಳಾದರೆ ನಾಲ್ಕರಲ್ಲಿ ಮೂರಕ್ಕೆ ಮೀರಿದ ಮತಗಳು ಬೇಕು. ಮತದಾನದ ಶಾಸ್ತ್ರದಲ್ಲಿ ಈ ಮಿತಿಯನ್ನು ೧೯೭೯ರಲ್ಲಿ ಗ್ರೀನ್‌ಬರ್ಗ್ ಎಂಬುವನು ಸ್ಥಾಪಿಸಿದನು. ಸಮತಲದ ಕೇಂದ್ರಬಿಂದುವನ್ನು ಬಿಂದುಗಳ ಸಂಖ್ಯೆಗೆ ಸಮಪ್ರಮಾಣವಾದ ಶ್ರಮದಲ್ಲಿಯೇ ಕಂಡುಹಿಡಿಯುವ ಕ್ರಮವನ್ನು ೧೯೯೪ರ ಲೇಖನವೊಂದರಲ್ಲಿ ಜಾಧವ್ ಮತ್ತು ಮುಖೋಪಾಧ್ಯಾಯರು ಪ್ರಕಟಿಸಿದರು. ಅಭ್ಯರ್ಥಿಗಳ ಮೇಲೆ ಬಾಬುಗಳ ಲೆಕ್ಕವಿಲ್ಲದೆಯೂ, ಜನರ ಇಷ್ಟಗಳು ನಡುವೆ ದಟ್ಟವಾಗಿದ್ದು ಅಂಚಿಗೆ ಹೋದಂತೆ ಕ್ರಮವಾಗಿ ವಿರಳವಾಗಿದ್ದರೆ, ನೂರಕ್ಕೆ ೬೪ರ ಬಹುಮತವೇ ಸಾಕೆಂದು ಕ್ಯಾಪ್ಲಿನ್, ನೇಲ್‌ಬಫ್ ಎಂಬ ಇಬ್ಬರು ೧೯೮೮ರಲ್ಲಿ ತೋರಿಸಿದರು.

ಭಾರತದ ಸಂವಿಧಾನದ ೩೬೮ನೆಯ ಅನುಚ್ಛೇದವು ತಿದ್ದುಪಡಿಗಾಗಿ ಪ್ರತಿಯೊಂದು ಸದನದಲ್ಲಿಯೂ ಒಟ್ಟು ಸದಸ್ಯರ ಬಹುಮತವನ್ನೂ, ಹಾಜರಿದ್ದು ಮತ ಕೊಡುವವರಲ್ಲಿ ಮೂರರಲ್ಲಿ ಎರಡಕ್ಕೆ ಕಡಿಮೆಯಿಲ್ಲದ ಮತಗಳನ್ನೂ ವಿಧಿಸಿರುವುದು ಓದುಗರಿಗೆ ತಿಳಿದ ವಿಷಯವೇ. ಇಂತಹ ವಿಧಿಗಳ ಸ್ಥೈರ್ಯವು ಎಲ್ಲಿಂದ ಬರುವುದೆಂಬುದನ್ನು ಮೇಲಣ ಪ್ರಮೇಯವು ವಿಶದಪಡಿಸುವುದು. ಆದರೆ ಸ್ಥೈರ್ಯಕ್ಕೆ ಬೆಲೆಯುಂಟು: ಮಿತಿಯನ್ನು ಏರಿಸಿದಷ್ಟೂ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಇದ್ದುದು ಇದ್ದಂತೆಯೇ ಉಳಿಯುವುದು.

ಎರಡನೆಯ ಸಮಾಧಾನವು ೧೯೮೪ರಲ್ಲಿ ಫೆರೆಜಾನ್, ಮೆಕೆಲ್ವಿ, ಪ್ಯಾಕಲ್ ಎಂಬವರು ತಂದದ್ದು. ಮಧ್ಯರೇಖೆಗಳೆಲ್ಲವೂ ಒಂದೇ ಬಿಂದುವಿನಲ್ಲಿ ಸೇರದಿದ್ದರೂ, ಅವೆಲ್ಲವನ್ನೂ ಮುಟ್ಟುವ ಅತ್ಯಂತ ಚಿಕ್ಕ ವೃತ್ತವೊಂದು ಇರುವುದು. ಅದನ್ನು ಮೊಟ್ಟೆಯ ಹಳದಿಯ ಹೆಸರಿನಿಂದ ಕರೆಯುತ್ತಾರೆ. ಮೂವರ ಸಮಿತಿಯಲ್ಲಿ ಅದು ತ್ರಿಕೋಣದ ಅಂತರ್ವೃತ್ತವೇ. ಕೇಂದ್ರವು ಸುಮಾರು ೫ ಮತ್ತು ೩.೩, ತ್ರಿಜ್ಯವು ಸುಮಾರು ೨.೩. ಸಮಿತಿಯು ಹೊರಟ ೫ ಮತ್ತು ೩ ಎಂಬ ಸೂಚನೆಯು ಈ ವೃತ್ತದ ಒಳಗೇ ಇದ್ದುದನ್ನು ಗಮನಿಸಬೇಕು. ಮುಂದಾಲೋಚನೆಯಿಂದ ಮತ ಕೊಡುವ ಸಭೆಯ ನಿರ್ಣಯಗಳು ಈ ಕೇಂದ್ರದಿಂದ ತ್ರಿಜ್ಯದ ನಾಲ್ಕರಷ್ಟು ದೂರದೊಳಗೆ ನಿಲ್ಲುವುವೆಂದು ೧೯೮೬ರಲ್ಲಿ ಮೆಕೆಲ್ವಿಯೇ ವಿವರಿಸಿದನು. ಈ ವೃತ್ತವನ್ನು ಲೆಕ್ಕಮಾಡುವ ಸಮರ್ಪಕವಾದ ಕ್ರಮವನ್ನು ೧೯೯೨ರಲ್ಲಿ ಕ್ರೇಗ್ ಟೋವಿಯು ಕೊಟ್ಟನು. ಮಧ್ಯರೇಖೆಗಳನ್ನು ಎಣಿಸದೆಯೇ ಲೆಕ್ಕಮಾಡುವ ಶೀಘ್ರತರವಾದ ಕ್ರಮವು ೨೦೧೯ರಲ್ಲಿ ಗುಡ್ಮಂಡ್ಸನ್ ಮತ್ತು ವಾಂಗ್ ಎಂಬವರಿಂದ ಬಂದಿತು.

ಮೂರನೆಯದು ಪ್ರಯೋಗದ ಸಾಕ್ಷ್ಯ. ೧೯೭೮ರಲ್ಲಿ ಫಿಯೊರಿನಾ ಮತ್ತು ಪ್ಲಾಟ್ ಐವರೈವರ ಸಮಿತಿಗಳನ್ನು ನೇಮಿಸಿ, ಸಮತಲದ ಬಿಂದುಗಳನ್ನು ಬಹುಮತದಿಂದ ಆರಿಸುವಂತೆ ಮಾಡಿ, ಅವರು ಆರಿಸಿದ ಬಿಂದುವಿಗೆ ತಕ್ಕಂತೆ ಹಣವನ್ನು ಕೊಟ್ಟರು. ಗೆಲ್ಲುವ ಬಿಂದುವಿದ್ದು ಹಣವೂ ಗಣನೀಯವಾಗಿದ್ದಾಗ ತೀರ್ಮಾನಗಳು ಅದರ ಸುತ್ತಲೇ ಕವಿದುವು. ಅಂತಹ ಬಿಂದುವಿಲ್ಲದ ಸಮಿತಿಗಳಲ್ಲಿಯೂ ತೀರ್ಮಾನಗಳು ದಿಕ್ಕಾಪಾಲಾಗಿ ಚದರಲಿಲ್ಲ.

ಹತ್ತೊಂಬತ್ತು ಶತಮಾನಗಳ ಈ ವಿಚಾರಪರಂಪರೆಯಿಂದ ಸಭೆಗಳಲ್ಲಿ ಕುಳಿತುಕೊಳ್ಳುವವರಿಗೆ ದೊರೆಯತಕ್ಕ ವಿವೇಕವು ಸ್ವಲ್ಪದ್ದಲ್ಲ. ಪ್ಲಿನಿಯ ಮುಂದಿದ್ದ ಪ್ರಶ್ನೆಗೆ ಒಂದೇ ಗೆರೆಯಿದ್ದಿತು. ಆದುದರಿಂದ ಎಣಿಸುವ ಕ್ರಮಕ್ಕಾಗಿ ಎಷ್ಟು ವಾದ ನಡೆದರೂ ನಿರ್ಣಯವು ನಡುವಿನಲ್ಲಿಯೇ ಬಂದು ನಿಂತಿತು. ಪ್ರಶ್ನೆಗೆ ಎರಡು ಮುಖಗಳಾದ ಕೂಡಲೆ ಆ ರಕ್ಷಣೆಯು ಇಲ್ಲದಾಗುವುದು. ಅಂತಹ ಸಭೆಯಲ್ಲಿ ಕಟ್ಟಕಡೆಗೆ ಗೆದ್ದ ಸೂಚನೆಯನ್ನು ನೋಡಿ ಇದೇ ಜನರ ಇಚ್ಛೆಯೆಂದು ತಿಳಿಯುವುದಕ್ಕೆ ಮೊದಲು, ಅದು ಯಾವ ಯಾವ ಸೂಚನೆಗಳನ್ನು ಎದುರಿಸಿ ಗೆದ್ದಿತು, ಯಾವುದನ್ನು ಎದುರಿಸಲೇ ಇಲ್ಲ, ಆ ಕ್ರಮವನ್ನು ಏರ್ಪಡಿಸಿದವರು ಯಾರು ಎಂಬುದನ್ನು ಕೇಳತಕ್ಕದ್ದು. ಮೂವರ ಸಮಿತಿಯಲ್ಲಿ ಯಾರಾದರೊಬ್ಬನು ಕೊನೆಯಲ್ಲಿ ಎದ್ದುನಿಂತು ಮೊದಲಿನ ಸೂಚನೆಯನ್ನೇ ಮತ್ತೆ ಮತಕ್ಕೆ ಹಾಕಬೇಕೆಂದು ಕೇಳಿದ್ದರೆ, ಅದು ಮೂರು ಮತಗಳಿಂದಲೂ ಗೆಲ್ಲುತ್ತಿದ್ದಿತು.